ಹಿಂದೆ ಬೀಳುವ ಗಡಿಯಾರ: ಹೊಸಬೆಟ್ಟಿನ ಮಾವನ ಕಂಪ್ಯೂಟರ್ ರಿಪೇರಿ

ರಾತ್ರಿ ಬಂದ್ ಮಾಡುವಾಗ ಗಡಿಯಾರ ಸರಿಯಾಗಿರುತ್ತದೆ. ಬೆಳಿಗ್ಗೆ ನೋಡಿದರೆ ಹತ್ತು ಹದಿನೈದು ನಿಮಿಷ ಹಿಂದೆ. ಭಾನುವಾರ ಪೂರ್ತಿ ಮುಚ್ಚಿಟ್ಟರೆ ಸೋಮವಾರಕ್ಕೆ ಮುಕ್ಕಾಲು ಗಂಟೆ ಹಿಂದೆ. ನಡುವೆ ಒಂದೊಂದು ದಿನ ಇದ್ದಕ್ಕಿದ್ದ ಹಾಗೆ ಐದೂವರೆ ಗಂಟೆಗೂ ಜಾಸ್ತಿ ಹಿಂದೆ. ಸುರತ್ಕಲ್ ಹತ್ತಿರದ ಹೊಸಬೆಟ್ಟಿನಲ್ಲಿರುವ ನನ್ನ ಮಾವನ ಡೆಸ್ಕ್‌ಟಾಪಿನ ಕತೆ ಇದು. ಮಾವ ಮನೆಯಲ್ಲೇ ಕೂತು ಕೆಲವು ಅಂಗಡಿಗಳ ಲೆಕ್ಕ ಬರೆಯುತ್ತಾರೆ. ಬಿಲ್ಲಿನ ಮೇಲೆ ಸಮಯ ತಪ್ಪಿದರೆ ಅಂಗಡಿಯವರ ಫೋನ್ ಬರುತ್ತದೆ.

“ಇದೆಂತ ಮಾರಾಯ, ದಿನಾ ನಾನೇ ಗಂಟೆ ಸರಿ ಮಾಡ್ಬೇಕಾ? ಒಂದು ಬ್ಯಾಟ್ರಿ ಹಾಕಿದ್ರೆ ಆಯ್ತು ಅಂತ ಎಲ್ರೂ ಹೇಳ್ತಾರೆ.”

“ಹಾಕುವ ಮಾವ. ಮೊದ್ಲು ಅದು ಯಾವಾಗ ಹಿಂದೆ ಬೀಳ್ತದೆ ಅಂತ ನೋಡುವ.”

ಗಡಿಯಾರ ತಪ್ಪುತ್ತಿದೆ ಅಂದ ಕೂಡಲೇ ಎಲ್ಲರ ಕೈ ಸೆಲ್ಲಿನ ಕಡೆ ಹೋಗುತ್ತದೆ. ಹೆಚ್ಚಿನ ಸಲ ಅದು ಸರಿಯೂ ಹೌದು. ಆದರೆ ಎಷ್ಟು ತಪ್ಪುತ್ತಿದೆ, ಯಾವ ಹೊತ್ತಿನಲ್ಲಿ ತಪ್ಪುತ್ತಿದೆ ಎಂದು ನೋಡಿದರೆ ಡಬ್ಬ ಬಿಚ್ಚುವ ಮೊದಲೇ ಅರ್ಧ ಉತ್ತರ ಸಿಗುತ್ತದೆ. ಮಾವನ ಯಂತ್ರದಲ್ಲಂತೂ ಒಂದರ ಮೇಲೊಂದು ಕೂತ ಬೇರೆ ಬೇರೆ ತೊಂದರೆಗಳಿದ್ದವು.

ಕಂಪ್ಯೂಟರಿನಲ್ಲಿ ಇರುವುದು ಒಂದು ಗಡಿಯಾರ ಅಲ್ಲ, ಎರಡು. ಮದರ್‌ಬೋರ್ಡಿನ ಮೇಲೆ ಒಂದು. ಅದರ ಹೆಸರು ರಿಯಲ್ ಟೈಮ್ ಕ್ಲಾಕ್, ಚಿಕ್ಕದಾಗಿ ಆರ್‌ಟಿಸಿ. ಕರೆಂಟ್ ಇಲ್ಲದಿದ್ದಾಗಲೂ ಒಂದು ಬಿಲ್ಲೆ ಸೆಲ್ಲಿನ ಬಲದಲ್ಲಿ ಅದು ಓಡುತ್ತಿರುತ್ತದೆ. ಇನ್ನೊಂದು ವಿಂಡೋಸ್ ಅಥವಾ ಲಿನಕ್ಸ್ ತಾನೇ ಇಟ್ಟುಕೊಳ್ಳುವ ಗಡಿಯಾರ. ಯಂತ್ರ ಆನ್ ಆಗುವಾಗ ಅದು ಆರ್‌ಟಿಸಿಯನ್ನು ಒಮ್ಮೆ ನೋಡಿ ಸಮಯ ತೆಗೆದುಕೊಳ್ಳುತ್ತದೆ. ಆಮೇಲೆ ತನ್ನದೇ ಎಣಿಕೆ. 1981ರ ಮೊದಲ ಐಬಿಎಂ ಪಿಸಿಯ ಬೋರ್ಡಿನಲ್ಲಿ ಈ ಸೆಲ್ ಗಡಿಯಾರವೇ ಇರಲಿಲ್ಲ. ಆನ್ ಮಾಡಿದಾಗಲೆಲ್ಲ ವಿಂಡೋಸ್‌ನ ಜಾಗದಲ್ಲಿ ಆಗ ಇದ್ದ ಡಾಸ್ ತಾರೀಕು ಕೇಳುತ್ತಿತ್ತು, ನಾವೇ ಟೈಪ್ ಮಾಡಬೇಕಿತ್ತು. 1984ರ ಪಿಸಿ ಎಟಿಯಲ್ಲಿ ಮೊಟೊರೋಲಾದ ಎಂಸಿ 146818 ಎಂಬ ಚಿಪ್ ಬಂತು, ಜೊತೆಗೆ ಬ್ಯಾಟರಿ. ಇವತ್ತು ಆ ಚಿಪ್ ಬೇರೆಯಾಗಿ ಕಾಣುವುದಿಲ್ಲ, ಬೋರ್ಡಿನ ಮುಖ್ಯ ಚಿಪ್ ಆದ ಚಿಪ್‌ಸೆಟ್ಟಿನ ಒಳಗೇ ಸೇರಿಹೋಗಿದೆ. ಕೆಲಸ ಮಾತ್ರ ಅದೇ.

ಹಾಗಾಗಿ ಕಂಪ್ಯೂಟರ್ ಓಡುತ್ತಿರುವಾಗಲೇ ಸಮಯ ಹಿಂದೆ ಬಿದ್ದರೆ ಸೆಲ್ಲಿನ ಮೇಲೆ ಅನುಮಾನ ಪಡಬೇಕಿಲ್ಲ, ಸಾಫ್ಟ್‌ವೇರ್ ಕಡೆ ನೋಡಬೇಕು. ಬಂದ್ ಇದ್ದಾಗ ಮಾತ್ರ ಹಿಂದೆ ಬಿದ್ದರೆ ಸೆಲ್ ಮತ್ತು ಅದರ ಸುತ್ತಮುತ್ತ. ಆನ್ ಮಾಡಿದಾಗ ಎಷ್ಟೋ ವರ್ಷ ಹಿಂದಿನ ಜನವರಿ 1 ತೋರಿಸಿದರೆ ಸೆಲ್ ಪೂರ್ತಿ ಸತ್ತಿದೆ. ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಬಂದರೆ ಯಾವ ಭಾಗವೂ ಕೆಟ್ಟಿಲ್ಲ, ಅದು ಲೆಕ್ಕದ ಜಗಳ. ಅದಕ್ಕೆ ಆಮೇಲೆ ಬರುತ್ತೇನೆ.

ಪರೀಕ್ಷೆಗೆ ದೊಡ್ಡ ಸಾಮಾನು ಬೇಡ, ಬಯಾಸ್ ಪರದೆ, ಅಂದರೆ ವಿಂಡೋಸ್ ಶುರುವಾಗುವ ಮೊದಲು ಬರುವ ಬೋರ್ಡಿನದ್ದೇ ಸೆಟ್ಟಿಂಗ್ ಪರದೆ ಸಾಕು. ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತಿ ಒಳಗೆ ಹೋದರೆ ಅಲ್ಲಿ ಸೆಕೆಂಡ್ ಸಮೇತ ಸಮಯ ಓಡುತ್ತಿರುತ್ತದೆ. ಅದು ನೇರ ಆರ್‌ಟಿಸಿಯ ಸಮಯ. ನಡುವೆ ವಿಂಡೋಸ್ ಇಲ್ಲ, ಇಂಟರ್ನೆಟ್ಟೂ ಇಲ್ಲ. ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಸೆಕೆಂಡಿಗೆ ಸೆಕೆಂಡ್ ಹೊಂದಿಸಿದೆ. ಮೊದಲು ಆ ಪರದೆಯಲ್ಲೇ ಊಟ ಮುಗಿಯುವವರೆಗೆ ಬಿಟ್ಟೆ. ಒಂದು ಸೆಕೆಂಡೂ ಹಿಂದೆ ಬೀಳಲಿಲ್ಲ. ಆಮೇಲೆ ಒಂದು ರಾತ್ರಿ ಕಂಪ್ಯೂಟರ್ ಆಫ್ ಮಾಡಿ ಗೋಡೆಯ ಸ್ವಿಚ್ ಮಾತ್ರ ಆನ್ ಇಟ್ಟೆವು. ಬೆಳಿಗ್ಗೆ ಮತ್ತೆ ನೇರ ಬಯಾಸಿಗೆ ಹೋಗಿ ನೋಡಿದರೆ ಸಮಯ ಸರಿ. ಇನ್ನೊಂದು ರಾತ್ರಿ ಗೋಡೆಯ ಸ್ವಿಚ್ಚೂ ಆಫ್. ಬೆಳಿಗ್ಗೆ ಹದಿಮೂರು ನಿಮಿಷ ಹಿಂದೆ.

ಅಲ್ಲಿಗೆ ಅರ್ಧ ಗುಟ್ಟು ಬಯಲಾಯಿತು. ಗೋಡೆಯ ಸ್ವಿಚ್ ಆನ್ ಇದ್ದಷ್ಟು ಹೊತ್ತು ಪವರ್ ಸಪ್ಲೈ 5 ವೋಲ್ಟಿನ ಸ್ಟ್ಯಾಂಡ್‌ಬೈ ಕರೆಂಟ್ ಕೊಡುತ್ತಿರುತ್ತದೆ. ಆರ್‌ಟಿಸಿ ಅದರ ಮೇಲೆಯೇ ಓಡುತ್ತದೆ, ಸೆಲ್ಲಿಗೆ ರಜೆ. ಸ್ವಿಚ್ ತೆಗೆದರೆ ಪೂರ್ತಿ ಭಾರ ಸೆಲ್ಲಿನ ಮೇಲೆ. ನಮ್ಮ ಕರಾವಳಿಯಲ್ಲಿ ಸ್ವಿಚ್ ತೆಗೆಯದ ಮನೆ ಇದೆಯಾ? ಮೇ ತಿಂಗಳ ಸಂಜೆಯ ಗುಡುಗು, ಅಕ್ಟೋಬರಿನ ಸಿಡಿಲು. ಮೊದಲ ಮಿಂಚು ಕಂಡರೆ ಸಾಕು, ಟಿವಿ, ಮೋಡೆಮ್, ಕಂಪ್ಯೂಟರ್ ಎಲ್ಲದರ ಪ್ಲಗ್ ಕಿತ್ತಾಯಿತು. ಮಾವನಂತೂ ಮಳೆ ಇರಲಿ ಇಲ್ಲದಿರಲಿ, ಮಲಗುವ ಮೊದಲು ಸ್ಪೈಕ್ ಬಸ್ಟರಿನ ಸ್ವಿಚ್ ಆರಿಸಿಯೇ ಮಲಗುವುದು. ಒಳ್ಳೆಯ ಅಭ್ಯಾಸ, ಬಿಡಿ ಅಂತ ನಾನು ಹೇಳುವುದಿಲ್ಲ. ಸಿಡಿಲಿಗೆ ಮದರ್‌ಬೋರ್ಡ್ ಹೋಗುವುದಕ್ಕಿಂತ ಒಂದು ಸೆಲ್ ಬೇಗ ಮುಗಿಯುವುದು ಎಷ್ಟೋ ವಾಸಿ.

ಇನ್ನು ಎಷ್ಟು ತಪ್ಪುತ್ತಿದೆ ಎಂಬ ಲೆಕ್ಕ. ಆರ್‌ಟಿಸಿಯ ಎದೆಬಡಿತ ಒಂದು ಚಿಕ್ಕ ಕ್ವಾರ್ಟ್ಜ್ ಹರಳು. ಸೆಕೆಂಡಿಗೆ 32,768 ಸಲ ನಡುಗುತ್ತದೆ. ಈ ವಿಚಿತ್ರ ಸಂಖ್ಯೆ ಯಾಕೆ ಅಂದರೆ, ಅದನ್ನು ಹದಿನೈದು ಸಲ ಎರಡರಿಂದ ಭಾಗಿಸಿದರೆ ಸರಿಯಾಗಿ 1 ಬರುತ್ತದೆ. ಚಿಪ್ಪಿಗೆ ಎರಡರಿಂದ ಭಾಗಿಸುವುದು ತೀರಾ ಸುಲಭದ ಕೆಲಸ. ಕೈಗಡಿಯಾರದ ಒಳಗೂ ಇರುವುದು ಇದೇ ಹರಳು. ಸಾಮಾನ್ಯ ಹರಳಿನಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚುಕಮ್ಮಿ ಇರುವುದು ಮಾಮೂಲು. ದಿನಕ್ಕೆ 86,400 ಸೆಕೆಂಡ್. ಅಂದರೆ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ ಒಂದು ನಿಮಿಷದೊಳಗೆ.

ಸೆಕೆಗೂ ಇದರಲ್ಲಿ ಪಾಲಿದೆ. ಈ ಹರಳು 25 ಡಿಗ್ರಿ ಆಸುಪಾಸಿನಲ್ಲಿ ಸರಿಯಾಗಿ ನಡೆಯುವಂತೆ ಕತ್ತರಿಸಿದ್ದು. ಅದಕ್ಕಿಂತ ಬಿಸಿಯಾದರೂ ನಿಧಾನ, ತಂಪಾದರೂ ನಿಧಾನ. ಏಪ್ರಿಲ್ ಮಧ್ಯಾಹ್ನ ಡಬ್ಬದ ಒಳಗೆ 45 ಡಿಗ್ರಿ ಮುಟ್ಟಿತು ಎಂದು ಇಟ್ಟುಕೊಳ್ಳಿ. ಆಗ ದಿನಕ್ಕೆ ಇನ್ನೊಂದು 1.2 ಸೆಕೆಂಡ್ ನಷ್ಟ. ಎಲ್ಲ ಸೇರಿಸಿದರೂ ದಿನಕ್ಕೆ ಮೂರು ಸೆಕೆಂಡ್ ದಾಟುವುದಿಲ್ಲ. ಮಾವನ ಯಂತ್ರ ಒಂದು ರಾತ್ರಿಗೆ ಹದಿಮೂರು ನಿಮಿಷ ನುಂಗುತ್ತಿತ್ತು. ಹರಳು ಎಷ್ಟೇ ಕಳಪೆಯಾದರೂ ಅಷ್ಟು ನಿಧಾನ ಆಗಲು ಸಾಧ್ಯವೇ ಇಲ್ಲ. ಅಂದರೆ ಗಡಿಯಾರ ನಿಧಾನವಾಗಿ ಓಡುತ್ತಿಲ್ಲ, ಆಗಾಗ ನಿಂತು ನಿಂತು ಹೊರಡುತ್ತಿದೆ. ಸಾಕಷ್ಟು ವೋಲ್ಟೇಜ್ ಸಿಗದೆ ಹರಳಿನ ನಡುಕ ನಿಲ್ಲುತ್ತದೆ. ಮತ್ತೆ ಸ್ವಲ್ಪ ಸಿಕ್ಕಿದಾಗ ಶುರುವಾಗುತ್ತದೆ. ತಾರೀಕು ಮತ್ತು ಬಯಾಸ್ ಸೆಟ್ಟಿಂಗ್ ಅಳಿಸಿಹೋಗುವಷ್ಟು ಮಾತ್ರ ವೋಲ್ಟೇಜ್ ಬಿದ್ದಿಲ್ಲ.

ಇಷ್ಟಾದ ಮೇಲೆ ಡಬ್ಬ ಬಿಚ್ಚಿದ್ದು. ಬಿಚ್ಚುವ ಮೊದಲು ಬಯಾಸಿನ ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ. ಸೆಲ್ ತೆಗೆದರೆ ಸೆಟ್ಟಿಂಗ್ ಎಲ್ಲ ಕಾರ್ಖಾನೆಯಿಂದ ಬಂದ ಹಾಗೆ ಆಗಬಹುದು. ಮುಖ್ಯವಾಗಿ ಸಾಟಾ ಮೋಡ್, ಅಂದರೆ ಹಾರ್ಡ್‌ಡಿಸ್ಕಿನ ಜೊತೆ ಬೋರ್ಡ್ ಮಾತಾಡುವ ರೀತಿ ಯಾವುದು ಎಂದು ನೋಡಿಕೊಳ್ಳಿ. ಅಲ್ಲಿ ಎಎಚ್‌ಸಿಐ ಎಂದು ಇದ್ದದ್ದು ಬೇರೆಯಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ಕೂತುಬಿಡುತ್ತದೆ. ಆಗ ಹಾರ್ಡ್‌ಡಿಸ್ಕೇ ಹೋಯಿತು ಎಂದು ಮನೆಯವರೆಲ್ಲ ಗಾಬರಿ. ಕರೆಂಟ್ ಇಟ್ಟುಕೊಂಡೇ ಸೆಲ್ ಬದಲಿಸಿದರೆ ಸೆಟ್ಟಿಂಗ್ ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಮಾತು ನಿಜವೇ. ಆದರೆ ಸೆಲ್ ಕೈಜಾರಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುವುದು ಕೂಡ ಅಷ್ಟೇ ನಿಜ. ನಾನು ಪ್ಲಗ್ ಕಿತ್ತೇ ಮಾಡುವುದು.

ಸೆಲ್ ಸಿಆರ್ 2032. ಆ ಸಂಖ್ಯೆಯಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಪಕ್ಕದ ಚಿಕ್ಕ ಕೊಕ್ಕೆಯನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಹಿಂದಕ್ಕೆ ತಳ್ಳಿದರೆ ಸೆಲ್ ಟಪ್ಪಂತ ಮೇಲೆ ಏಳುತ್ತದೆ. ಸ್ಕ್ರೂಡ್ರೈವರ್ ಹಾಕಬೇಡಿ, ಜಾರಿದರೆ ಬೋರ್ಡಿನ ಗೆರೆ ಕತ್ತರಿಸುತ್ತದೆ. ಮಲ್ಟಿಮೀಟರ್ ಹಿಡಿದಾಗ 2.71 ವೋಲ್ಟ್. ಹೊಸ ಸೆಲ್ ಹೀಗೆ ಸುಮ್ನೆ ಅಳೆದರೆ 3.2ರಷ್ಟು ತೋರಿಸುತ್ತದೆ. 2.71 ಅಷ್ಟೇನೂ ಕಮ್ಮಿ ಅಲ್ಲವಲ್ಲ ಅನಿಸಬಹುದು. ಭಾರ ಇಲ್ಲದೆ, ಅಂದರೆ ಸೆಲ್ಲಿಂದ ಕರೆಂಟ್ ಎಳೆಯದೆ ಅಳೆದ ವೋಲ್ಟೇಜನ್ನು ನಂಬಬಾರದು. ಸೆಲ್ಲಿನ ಎರಡು ಮುಖಕ್ಕೆ 10 ಕಿಲೋಓಮ್ ರೆಸಿಸ್ಟರ್ ಹಿಡಿದು ಮತ್ತೆ ಅಳೆದೆ. ಸಂಖ್ಯೆ ಕಣ್ಣೆದುರೇ ಜಾರುತ್ತಾ 2.2ಕ್ಕೆ ಬಂತು. ಮಾವನ ಯಂತ್ರದ ಕಾಲದ ಇಂಟೆಲ್ ಚಿಪ್‌ಸೆಟ್ಟುಗಳ ಆರ್‌ಟಿಸಿಗೆ ಕಡಿಮೆ ಅಂದರೆ 2 ವೋಲ್ಟ್ ಬೇಕು. ಸೆಲ್ಲಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಡಯೋಡ್ ಇದೆ, ಅದೂ ಸ್ವಲ್ಪ ತಿನ್ನುತ್ತದೆ. ಉಳಿಯುವುದು ಅಂಚಿನಲ್ಲಿ ಓಲಾಡುವಷ್ಟು.

ಸೆಲ್ ಎಷ್ಟು ವರ್ಷ ಬರಬೇಕು ಎಂದು ಮಾವ ಕೇಳಿದರು. ಒಳ್ಳೆಯ ಸೆಲ್ಲಿನಲ್ಲಿ ಸುಮಾರು 220 ಮಿಲಿಆಂಪ್ ಅವರ್ ಇರುತ್ತದೆ. ಆರ್‌ಟಿಸಿ 5 ಮೈಕ್ರೋಆಂಪ್ ಎಳೆಯುತ್ತದೆ ಎಂದು ಹಿಡಿದರೆ 44,000 ಗಂಟೆ, ಅಂದರೆ ಐದು ವರ್ಷ. ಇದು ಪ್ಲಗ್ ಸದಾ ಕಿತ್ತಿಟ್ಟ ಯಂತ್ರದ ಲೆಕ್ಕ. ಸ್ವಿಚ್ ಸದಾ ಆನ್ ಇರುವ ಆಫೀಸಿನಲ್ಲಿ ಇದೇ ಸೆಲ್ ಹತ್ತು ವರ್ಷ ಬಂದರೂ ಆಶ್ಚರ್ಯ ಇಲ್ಲ.

ಹೊಸ ಸೆಲ್ಲನ್ನು ಸುರತ್ಕಲ್ಲಿನ ವಾಚ್ ರಿಪೇರಿ ಅಂಗಡಿಯಲ್ಲಿ ತಂದೆ. ಹೆಸರಿಲ್ಲದ ಸೆಲ್ಲುಗಳ ಐದರ ಪಟ್ಟಿ ಅಗ್ಗಕ್ಕೆ ಸಿಗುತ್ತದೆ, ಬೇಡ. ಹೆಸರಿರುವ ಕಂಪನಿಯದ್ದನ್ನು ಪ್ಯಾಕಿನ ಮೇಲಿನ ತಾರೀಕು ನೋಡಿ ತೆಗೆದುಕೊಳ್ಳಿ. 2032 ಇಲ್ಲ, 2025 ಆಗುತ್ತದೆ ಎಂದರೆ ಒಪ್ಪಬೇಡಿ. ಅದು 2.5 ಮಿಲಿಮೀಟರ್ ದಪ್ಪ, ಗೂಡಿನಲ್ಲಿ ಸಡಿಲ ಕೂರುತ್ತದೆ.

ಸೆಲ್ ಹಾಕಿ ಆಯಿತು ಎಂದು ಡಬ್ಬ ಮುಚ್ಚುವ ಮೊದಲು ಇನ್ನೊಂದು ಅಳತೆ ಇದೆ, ಅದನ್ನು ಯಾರೂ ಮಾಡುವುದಿಲ್ಲ. ಸೆಲ್ಲಿನ ಮೇಲ್ಮೈಯಲ್ಲಿ ಎಷ್ಟು ವೋಲ್ಟ್, ಗೂಡಿನ ಬೆಸುಗೆ ಕಾಲಿನಲ್ಲಿ ಎಷ್ಟು ವೋಲ್ಟ್? ಎರಡೂ ಒಂದೇ ಇರಬೇಕು. ಇಲ್ಲಿ ಸೆಲ್ಲಿನ ಮೇಲೆ 3.24, ಕಾಲಿನಲ್ಲಿ 2.6. ಬೆರಳಿನಿಂದ ಸೆಲ್ಲನ್ನು ಒತ್ತಿದರೆ 3.1ಕ್ಕೆ ಏರುತ್ತದೆ, ಬಿಟ್ಟರೆ ಮತ್ತೆ ಕೆಳಗೆ.

ಸೆಲ್ ಮತ್ತೆ ಹೊರಗೆ ತೆಗೆದು ಟಾರ್ಚ್ ಹಾಕಿ ನೋಡಿದೆ. ಗೂಡಿನ ತಳದಲ್ಲಿ ಎರಡು ಚಿಕ್ಕ ಲೋಹದ ನಾಲಗೆಗಳಿರುತ್ತವೆ, ಸೆಲ್ಲಿನ ಮೈನಸ್ ಮುಖ ಅವುಗಳ ಮೇಲೆ ಕೂರುತ್ತದೆ. ಒಂದರ ತುದಿಯಲ್ಲಿ ಹಸಿರು ಕಿಲುಬು, ಹುಣಸೆಹುಳಿ ಹಾಕದೆ ವರ್ಷಗಟ್ಟಲೆ ಬಿಟ್ಟ ಹಿತ್ತಾಳೆ ದೀಪದ ಹಾಗೆ. ಇನ್ನೊಂದು ಕಪ್ಪಗಾಗಿತ್ತು. ಸಮುದ್ರ ಅಷ್ಟು ಹತ್ತಿರ ಇರುವಾಗ ಇದು ಬರದಿದ್ದರೇ ಆಶ್ಚರ್ಯ. ಅಲ್ಲಿ ಕಿಟಕಿಯ ಸರಳು, ಗೇಟಿನ ಬೀಗ, ಫ್ಯಾನಿನ ರೆಗ್ಯುಲೇಟರ್ ಎಲ್ಲ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತವೆ. ಗಾಳಿಯಲ್ಲಿನ ಉಪ್ಪು ಲೋಹದ ಮೇಲೆ ಕೂರುತ್ತದೆ, ಮಳೆಗಾಲದ ತೇವವನ್ನು ಅದು ಹೀರುತ್ತದೆ, ಲೋಹ ತಿನ್ನಲು ಇಷ್ಟು ಸಾಕು. ಆರ್‌ಟಿಸಿಗೆ ಹೋಗುವ ಕರೆಂಟ್ ಕೆಲವೇ ಮೈಕ್ರೋಆಂಪ್. ಆದರೆ ಕಿಲುಬಿನ ಪದರ ಒಂದು ಲಕ್ಷ ಓಮ್ ತಡೆದರೆ 5 ಮೈಕ್ರೋಆಂಪಿಗೇ ಅರ್ಧ ವೋಲ್ಟ್ ಅಲ್ಲೇ ಮುಗಿಯುತ್ತದೆ. ತಂಪಾದಾಗ, ತೇವ ಏರಿಳಿದಾಗ ಆ ತಡೆ ಬದಲಾಗುತ್ತಾ ಇರುತ್ತದೆ. ಒಂದು ರಾತ್ರಿ ಹತ್ತು ನಿಮಿಷ, ಇನ್ನೊಂದು ರಾತ್ರಿ ಹದಿನೈದು ನಿಮಿಷ ಅನ್ನುವ ಏರುಪೇರಿಗೆ ಇದೇ ಕಾರಣ. ಹಳೆಯ ಸೆಲ್ಲನ್ನು ಮಾತ್ರ ಬದಲಿಸಿ ಮುಚ್ಚಿದ್ದರೆ ಮುಂದಿನ ಆಟಿಯ, ಅಂದರೆ ಜೋರು ಮಳೆಯ ತಿಂಗಳ ಹೊತ್ತಿಗೆ ಮತ್ತೆ ಫೋನ್ ಬರುತ್ತಿತ್ತು.

ಮಕ್ಕಳ ಪೆನ್ಸಿಲ್ ರಬ್ಬರನ್ನು ಬ್ಲೇಡಿನಲ್ಲಿ ಕಡ್ಡಿಯಂತೆ ಕತ್ತರಿಸಿ ನಾಲಗೆಗಳನ್ನು ಉಜ್ಜಿದೆ. ಮರಳುಕಾಗದ ಬೇಡ, ಮೇಲಿನ ಲೇಪ ಹೋದರೆ ಇನ್ನೂ ಬೇಗ ತುಕ್ಕು. ಆಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒರೆಸಿದೆ. ಹತ್ತಿ ಹಸಿರಾಗಿ ಬಂತು. ಬಿಳಿಯಾಗಿ ಬರುವವರೆಗೆ ಬದಲಿಸಿ ಬದಲಿಸಿ ಒರೆಸಿ, ನಾಲಗೆಗಳನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ ಎತ್ತಿದೆ. ಸೆಲ್ಲನ್ನು ಅಂಚಿನಲ್ಲಿ ಹಿಡಿದು ಪ್ಲಸ್ ಮುಖ ಮೇಲೆ ಬರುವಂತೆ ಕೂರಿಸಿದೆ. ಎರಡು ಬೆರಳಲ್ಲಿ ಎರಡೂ ಮುಖ ಒತ್ತಿ ಹಿಡಿಯಬಾರದು, ಬೆವರು ಅಂಟುತ್ತದೆ. ಈಗ ಸೆಲ್ಲಿನ ಮೇಲೂ 3.24, ಕಾಲಿನಲ್ಲೂ 3.24.

ಡಬ್ಬ ತೆರೆದೇ ಇತ್ತಲ್ಲ, ಹರಳನ್ನೂ ನೋಡಿದೆ. ಸೆಲ್ ಗೂಡಿನ ಹತ್ತಿರ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಲೋಹದ ಕೊಳವೆ, ಎರಡು ಸಪೂರ ಕಾಲು. ಅದರ ಬುಡದಲ್ಲಿ ಧೂಳು ಮತ್ತು ಬಟ್ಟೆಯ ಎಳೆ ಸೇರಿ ಒಂದು ಚಿಕ್ಕ ಹಾಸಿಗೆಯೇ ಆಗಿತ್ತು. ಒಣಗಿದ್ದರೆ ತೊಂದರೆ ಇಲ್ಲ. ಮಳೆಗಾಲದಲ್ಲಿ ಅದು ತೇವ ಹೀರುತ್ತದೆ. ಹರಳಿನ ಕಾಲುಗಳಿಗೆ ಕಟ್ಟಿರುವ ಕೆಪಾಸಿಟರುಗಳು ಕೆಲವೇ ಪಿಕೋಫ್ಯಾರಡ್, ಅಂದರೆ ತೀರಾ ಚಿಕ್ಕವು. ಒದ್ದೆ ಧೂಳು ಅದಕ್ಕೆ ಇನ್ನಷ್ಟು ಸೇರಿಸಿದರೆ ನಡುಕ ನಿಧಾನವಾಗುತ್ತದೆ. ಹಳೆಯ ಟೂತ್‌ಬ್ರಷ್ ಮತ್ತು ಅದೇ ಆಲ್ಕೊಹಾಲಿನಿಂದ ಮೆಲ್ಲಗೆ ತೊಳೆದು, ಹೇರ್ ಡ್ರೈಯರಿನ ಕಡಿಮೆ ಬಿಸಿಯಲ್ಲಿ ಒಣಗಿಸಿದೆ. ಹರಳಿನ ಕೊಳವೆಯನ್ನು ಬಗ್ಗಿಸಬಾರದು, ಕಾಲು ಮುರಿದರೆ ಗಡಿಯಾರದ ಕತೆ ಮುಗಿಯಿತು.

ತೆಗೆದ ಹಳೆಯ ಸೆಲ್ಲಿಗೆ ಎರಡೂ ಕಡೆ ಟೇಪ್ ಸುತ್ತಿ ಆಗಲೇ ಮೇಲಿನ ಅಟ್ಟದಲ್ಲಿಟ್ಟೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಗಾತ್ರದ ಲಿಥಿಯಂ ಸೆಲ್ ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಸುಡಲು ಶುರುಮಾಡುತ್ತದೆ. ಕಂಪ್ಯೂಟರಿಗೆ ಸಾಲದಷ್ಟು ಮುಗಿದ ಸೆಲ್ಲಿಗೂ ಆ ಶಕ್ತಿ ಇದೆ. ನುಂಗಿದ ಅನುಮಾನ ಬಂದರೆ ತಡಮಾಡದೆ ಆಸ್ಪತ್ರೆಗೆ.

ಬಯಾಸಿನಲ್ಲಿ ಸಮಯ ಹೊಂದಿಸಿ, ಶನಿವಾರ ಸಂಜೆ ಪ್ಲಗ್ ಕಿತ್ತು, ಸೋಮವಾರ ಬೆಳಿಗ್ಗೆ ನೋಡಿದಾಗ ಎರಡು ಸೆಕೆಂಡ್ ಹಿಂದೆ. ಹರಳಿನ ಮಾಮೂಲು ಲೆಕ್ಕದೊಳಗೇ ಇದೆ.

ಉಳಿದದ್ದು ಐದೂವರೆ ಗಂಟೆ. ಮಾವನ ಮಗ ಕಾಲೇಜಿನ ಪ್ರಾಜೆಕ್ಟಿಗೆ ಅದೇ ಯಂತ್ರದಲ್ಲಿ ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡಿದ್ದ. ಅವನು ರಾತ್ರಿ ಉಬುಂಟು ನಡೆಸಿದ ಮರುದಿನವೇ ಮಾವನ ವಿಂಡೋಸ್ ಐದೂವರೆ ಗಂಟೆ ಹಿಂದೆ. ಲಿನಕ್ಸ್ ಆರ್‌ಟಿಸಿಯಲ್ಲಿ ಯುಟಿಸಿ, ಅಂದರೆ ಜಾಗತಿಕ ಸಮಯ ಬರೆದಿಡುತ್ತದೆ. ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ವಿಂಡೋಸ್ ಮಾತ್ರ ಆರ್‌ಟಿಸಿಯಲ್ಲಿ ಇರುವುದು ಊರಿನ ಸಮಯ ಎಂದು ನಂಬಿ ಹಾಗೇ ತೋರಿಸುತ್ತದೆ. ಇದರ ಮೇಲೆ ಸೆಲ್ಲಿನ ಹತ್ತು ಹದಿನೈದು ನಿಮಿಷ ಸೇರಿದಾಗ ಯಾರಿಗೂ ತಲೆಬುಡ ಗೊತ್ತಾಗುತ್ತಿರಲಿಲ್ಲ.

“ನಾನೆಂತ ಮಾಡಿದೆ ಭಾವ? ನಾನು ಟೈಮ್ ಮುಟ್ಲೇ ಇಲ್ಲ,” ಅಂದ ಹುಡುಗ. ಅವನು ಹೇಳಿದ್ದು ಸರಿಯೇ, ಮುಟ್ಟಿದ್ದು ಉಬುಂಟು.

ಇದಕ್ಕೆ ಎರಡು ದಾರಿ. ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲಿ ‘ರಿಯಲ್‌ಟೈಮ್ಈಸ್‌ಯೂನಿವರ್ಸಲ್’ ಎಂಬ ಮೌಲ್ಯ ಸೇರಿಸಿ 1 ಮಾಡಿದರೆ ಅದೂ ಯುಟಿಸಿಗೆ ಒಪ್ಪುತ್ತದೆ. ಇಲ್ಲವೇ ಲಿನಕ್ಸಿಗೆ ಊರಿನ ಸಮಯವನ್ನೇ ಬರೆ ಎಂದು ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಯಲ್ಲಿ ಹೇಳಬಹುದು, ‘ಸೆಟ್-ಲೋಕಲ್-ಆರ್‌ಟಿಸಿ 1’ ಅಂತ. ಎರಡನೆಯದು ಒಳ್ಳೆಯದಲ್ಲ ಎಂದು ಲಿನಕ್ಸೇ ಎಚ್ಚರಿಕೆ ಕೊಡುತ್ತದೆ. ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವ ದೇಶಗಳಲ್ಲಿ ಆ ಎಚ್ಚರಿಕೆಗೆ ಅರ್ಥ ಇದೆ. ನಮ್ಮಲ್ಲಿ ಆ ರಗಳೆ ಇಲ್ಲವಲ್ಲ. ರಿಜಿಸ್ಟ್ರಿಗೆ ಕೈ ಹಾಕುವುದಕ್ಕಿಂತ ಇದೇ ಸುಲಭ ಎಂದು ನಾನು ಎರಡನೆಯದನ್ನೇ ಮಾಡಿದೆ.

ಇಷ್ಟೆಲ್ಲ ಆಗುವಾಗ ಇಂಟರ್ನೆಟ್ ಸಮಯ ಯಾಕೆ ತಾನಾಗಿ ಸರಿ ಮಾಡಲಿಲ್ಲ? ಮಾವ ನೆಟ್ ಹಾಕುವುದು ಮೊಬೈಲ್ ಹಾಟ್‌ಸ್ಪಾಟಿನಲ್ಲಿ, ಬೇಕಾದಾಗ ಮಾತ್ರ. ಹಳೆಯ ವಿಂಡೋಸ್‌ಗಳು ವಾರಕ್ಕೊಮ್ಮೆ ಮಾತ್ರ ಸಮಯ ಕೇಳುತ್ತಿದ್ದವು. ಆ ಹೊತ್ತಿಗೆ ನೆಟ್ ಇಲ್ಲದಿದ್ದರೆ ಇಲ್ಲ. ಇನ್ನೊಂದು ವಿಷಯ, ವ್ಯತ್ಯಾಸ 15 ಗಂಟೆ ದಾಟಿದ್ದರೆ ಮನೆಯ ವಿಂಡೋಸ್ ಸಾಮಾನ್ಯವಾಗಿ ತಾನಾಗಿ ತಿದ್ದಲು ಒಪ್ಪುವುದಿಲ್ಲ. ಸೆಲ್ ಸತ್ತು ತಾರೀಕು ವರ್ಷಗಟ್ಟಲೆ ಹಿಂದೆ ಹೋದ ಯಂತ್ರಗಳು ನೆಟ್ ಇದ್ದರೂ ಹಾಗೇ ಉಳಿಯುವುದು ಇದರಿಂದ. ಆಗ ಬ್ಯಾಂಕಿನ ಸೈಟೂ ತೆರೆಯುವುದಿಲ್ಲ, ಸೈಟಿನ ಗುರುತು ಹೇಳುವ ಸರ್ಟಿಫಿಕೇಟಿನ ತಾರೀಕು ಇನ್ನೂ ಬಂದೇ ಇಲ್ಲ ಎಂದು ಬ್ರೌಸರ್ ತಿಳಿದುಕೊಳ್ಳುತ್ತದೆ. ಮೊದಲು ಕೈಯಲ್ಲಿ ತಾರೀಕು ಸರಿ ಮಾಡಿ, ಆಮೇಲೆ ಸಿಂಕ್ ಒತ್ತಬೇಕು.

ಸಮಯದ ಸರ್ವರ್ ಜಾಗದಲ್ಲಿ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯದ್ದನ್ನು ಹಾಕಿದೆ. ದೇಶದ ಸಮಯ ಕಾಯುವುದು ಅವರ ಪರಮಾಣು ಗಡಿಯಾರಗಳೇ. ಆ ಸಮಯ 82.5 ಡಿಗ್ರಿ ರೇಖಾಂಶದ್ದು. ನಮ್ಮ ಮಂಗಳೂರು 75 ಡಿಗ್ರಿಗೂ ಸ್ವಲ್ಪ ಪಶ್ಚಿಮಕ್ಕಿದೆ. ಹಾಗಾಗಿ ಸೂರ್ಯ ನಮ್ಮ ನೆತ್ತಿಗೆ ಬರುವುದು ಹನ್ನೆರಡೂವರೆ ಸುಮಾರಿಗೆ. ಮಾವ ಇದನ್ನು ಕೇಳಿ, “ಹಾಗಾದ್ರೆ ನಮ್ಮ ಊರೇ ಅರ್ಧ ಗಂಟೆ ಹಿಂದೆ ಉಂಟಲ್ಲ, ಅದಕ್ಕೆಂತ ಬ್ಯಾಟ್ರಿ ಹಾಕುದು?” ಅಂದರು.

ಸೆಲ್ಲಿನ ಮೇಲೆ ಮಾರ್ಕರಿನಲ್ಲಿ ಹಾಕಿದ ತಿಂಗಳು, ವರ್ಷ ಬರೆದಿದ್ದೇನೆ. ಪ್ರತಿ ಮಳೆಗಾಲ ಮುಗಿದ ಮೇಲೆ, ನವರಾತ್ರಿಯ ಆಯುಧ ಪೂಜೆಗೆ ಹೇಗೂ ಡಬ್ಬ ಒರೆಸುತ್ತಾರೆ, ಆಗ ಒಂದು ಬದಿಯ ಮುಚ್ಚಳ ತೆಗೆದು ಗೂಡಿನ ನಾಲಗೆಗಳನ್ನೂ ನೋಡಲು ಹುಡುಗನಿಗೆ ಹೇಳಿದ್ದೇನೆ. ರಬ್ಬರ್ ಕಡ್ಡಿ ಅಲ್ಲೇ ಮಾನಿಟರಿನ ಹಿಂದೆ ಇದೆ.